ಬೋಗುಣಿ ಮುಚ್ಚಿಟ್ಟ ಅಣಬೆ

ಮಳೆಗಾಲದಲ್ಲಿ ನಾನು ಅಣಬೆ ನೋಡಲು ಹೊರಟರೆ ವಡಾಲದ ನಮ್ಮ ಬಿಲ್ಡಿಂಗಿನವರಿಗೆಲ್ಲ ಒಂದೇ ಪ್ರಶ್ನೆ: ತಿನ್ನಲು ಬರುತ್ತದೆಯೇ? ಗೋರೆಗಾಂವಿನ ಮರಗಳ ಬುಡದಲ್ಲಿ, ಕಾಲೊನಿಗಳ ಬೇಲಿಯಂಚಿನಲ್ಲಿ ಬಗ್ಗಿ ಬಗ್ಗಿ ನೋಡಿ ನಾಲ್ಕು ನೋಟ್‌ಬುಕ್ ತುಂಬಿಸಿದ್ದೇನೆ. ತಿಂದದ್ದು ಒಂದೂ ಇಲ್ಲ. ಯಾರೂ ನಂಬುವುದಿಲ್ಲ.

ಈ ಸಲದ ಮಳೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಕಾಕು ಬುಟ್ಟಿ ತುಂಬ ಬಿಳಿ ಅಣಬೆ ಹಿಡಿದು ಬಂದರು. ವಿಜಯಪುರದ ಕಡೆಯವರು. ಸೊಸೈಟಿಯ ಹುಲ್ಲಿನಲ್ಲಿ ಕಿತ್ತಿದ್ದರಂತೆ.

"ಸಂಜೀಕ ಪಲ್ಯಾ ಮಾಡ್ತೀನಿ. ಮೊಮ್ಮಕ್ಳು ಬರಾಕತ್ಯಾರ. ನಿಮಗೂ ಒಂದ್ ಬಟ್ಟಲಾ ಕಳಸ್ತೀನಿ."

"ಬ್ಯಾಡ್ರಿ ಕಾಕು. ಥೇಟ್ ಹಿಂಗ ಕಾಣೋ ವಿಷದ್ದೊಂದು ಐತಿ."

"ಹುಳಾ ತಿಂದಾವ ನೋಡವಾ. ವಿಷಾ ಇದ್ದಿದ್ರ ತಿಂತಿದ್ವೇನು?"

ಹುಳದ ಹೊಟ್ಟೆ ಬೇರೆ, ಮಕ್ಕಳ ಹೊಟ್ಟೆ ಬೇರೆ ಎಂದರೂ ಕೇಳಲಿಲ್ಲ. ಐದು ಗಂಟೆಯವರೆಗೆ ಒಲೆ ಹಚ್ಚಬೇಡಿ ಎಂದು ಮಾತು ತೆಗೆದುಕೊಂಡು ಒಂದು ಅಣಬೆ ಇಸಿದುಕೊಂಡೆ. ದಂಟು ಕತ್ತರಿಸಿ, ಕೊಡೆಯನ್ನು ಬಿಳಿ ಕಾಗದದ ಮೇಲಿಟ್ಟು ಬೋಗುಣಿ ಮುಚ್ಚಿದರೆ ಕೆಲವು ಗಂಟೆಗಳಲ್ಲಿ ಅದರ ಬೀಜಕಣಗಳು ಉದುರಿ ಕಾಗದದ ಮೇಲೆ ಅಚ್ಚು ಮೂಡುತ್ತದೆ. ಹಸಿರು ಮೂಡಿದರೆ ಅದು ವಿಷದ್ದೇ.

ಆದರೆ ನಮ್ಮ ಮನೆಯಲ್ಲಿ ಮುಚ್ಚಿಟ್ಟದ್ದೆಲ್ಲ ತಿಂಡಿ. ಮಗಳು ಒಮ್ಮೆ ಎತ್ತಿ ನೋಡಿದಳು, ಅವಳಪ್ಪ ಎರಡು ಸಲ. ಮೂರು ಗಂಟೆಗೆ ನೋಡಿದರೆ ಅತ್ತೆ ಕಾಗದ ಝಾಡಿಸಿ, ಅಣಬೆ ತೊಳೆದು ಜಾಲರಿಯಲ್ಲಿ ಇಟ್ಟಿದ್ದರು.

"ಮಣ್ಣ ಹತ್ತಿತ್ತವಾ, ಸ್ವಚ್ಛ ಮಾಡೀನಿ."

ಇನ್ನೊಂದು ತರೋಣವೆಂದು ಕೆಳಗೆ ಓಡಿದೆ. ಕಾಕು ಒಲೆ ಹಚ್ಚಿರಲಿಲ್ಲ, ನಿಜ. ಆದರೆ ಅಷ್ಟನ್ನೂ ಹೆಚ್ಚಿ ಅರಿಶಿನದ ನೀರಿನಲ್ಲಿ ನೆನೆಹಾಕಿದ್ದರು!

ಛತ್ರಿ ಬಿಟ್ಟು ಹುಲ್ಲಿಗೇ ಹೋದೆ. ಪಂಪಿನ ಮನೆಯ ಹಿಂದೆ, ಸೂರಿನ ಅಡಿ, ಕಾಕು ಬಲಿತದ್ದೆಂದು ಬಿಟ್ಟಿದ್ದ ಎರಡು ಉಳಿದಿದ್ದವು, ಒಂದರ ಮೇಲೊಂದು ಒರಗಿಕೊಂಡು. ಮೇಲಿನದನ್ನು ಸರಿಸಿದೆ. ಕೆಳಗಿನದರ ಬಿಳಿ ನೆತ್ತಿಯ ಮೇಲೆ ಹಸಿರು ಪುಡಿ ಉದುರಿ ಕೂತಿತ್ತು. ಬೆಳಿಗ್ಗೆಯಿಂದ ಬೋಗುಣಿ ಕಾಯುತ್ತಿದ್ದೆ, ಅಚ್ಚು ಇಲ್ಲೇ ಇತ್ತು.

ಕೈಯಲ್ಲಿ ಮಳೆ ತಾಗದಂತೆ ಮುಚ್ಚಿ ತಂದು ಕಾಕುವಿನ ಮುಂದೆ ಹಿಡಿದೆ. ಅವರು ಬೆರಳಿನಿಂದ ಒರೆಸಿ ನೋಡಿದರು, ಬೆರಳು ಹಸಿರಾಯಿತು. ಪಾತ್ರೆಯನ್ನು ಹಾಗೇ ಕಸದ ಡಬ್ಬಿಗೆ ಬೋರಲು ಹಾಕಿದರು.

"ಇಷ್ಟೆಲ್ಲಾ ಹೆಚ್ಚೂಕಿಂತ ಮೊದಲ ಹೇಳಬಾರದೇನವಾ?"

ಖಾಲಿ ಪಾತ್ರೆ ಇಸಿದುಕೊಂಡು ತೊಳೆಯಲು ನಿಂತೆ. ಬಾಯಿ ತೆರೆದಿದ್ದರೆ ನೆಟ್ಟಗಿರುತ್ತಿರಲಿಲ್ಲ.

ಸಂಜೆ ಮೊಮ್ಮಕ್ಕಳು ಬಟಾಟೆ ಪಲ್ಯ ತಿಂದರು. ಹೇಳಿದ ಹಾಗೆ ನಮಗೂ ಒಂದು ಬಟ್ಟಲು ಬಂತು. ಅತ್ತೆ ಮುಚ್ಚಳ ಎತ್ತಿ ಮುಖ ಸಣ್ಣದು ಮಾಡಿದರು.

"ಅಣಬಿ ಅಲ್ಲೇನು?"