ಅಕ್ಕನಿಗೆ ಬರುತ್ತಿದ್ದ ಇಂಗ್ಲಿಷು

ನಿನ್ನೆ ಕಟಪಾಡಿಯಲ್ಲಿ ಬಸ್ಸು ಹತ್ತಿದ ಹೆಂಗಸೊಬ್ಬರ ಚೀಲದಿಂದ ಹೊಗೆಸೊಪ್ಪಿನ ವಾಸನೆ ಬಂತು. ನಾನು ಚಿಕ್ಕವಳಿದ್ದಾಗಿನ ನಮ್ಮ ಜಗಲಿಯದೇ ವಾಸನೆ.

ಏಳನೆಯದಕ್ಕೇ ಶಾಲೆ ಬಿಟ್ಟ ಅಕ್ಕ ಅಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಇನ್, ಆನ್, ಅಟ್ ಎಂದು ಬಿಟ್ಟ ಸ್ಥಳ ತುಂಬುತ್ತಿದ್ದೆ. ಗೈಡಿನಲ್ಲಿದ್ದ ಉತ್ತರದ ಮೇಲೆ ಅವಳೇ ಒಂದು ಬೀಡಿ ಎಲೆ ಇಟ್ಟು, "ಈಗ ಹೇಳು ಮಾರಾಯ್ತಿ" ಎನ್ನುತ್ತಿದ್ದಳು. ಕೇಳಿ ಕೇಳಿ ಅವಳಿಗೂ ಎಲ್ಲ ಬರುತ್ತಿತ್ತು.

ಒಂದು ಸಂಜೆ ನನ್ನ ಗೆಳತಿಯರು ಬಂದಿದ್ದರು. ನಾನು ತಡವರಿಸಿದಾಗ ಅಕ್ಕ ನೂಲು ಸುತ್ತುತ್ತಲೇ ಉತ್ತರ ಹೇಳಿಬಿಟ್ಟಳು. ಸರಿಯಾಗಿಯೇ ಹೇಳಿದಳು. ನನಗೆ ಅವಮಾನವಾಯಿತು.

"ಬೀಡಿ ಕಟ್ಟುವವಳಿಗೆ ಎಂತಕ್ಕೆ ಇಂಗ್ಲಿಷ್?" ಎಂದೆ. ಗೆಳತಿಯರು ನಕ್ಕರು.

ಅಕ್ಕ ಗೈಡಿನ ಮೇಲಿದ್ದ ಎಲೆಯನ್ನು ತೆಗೆದು, ಹೊಗೆಸೊಪ್ಪು ತುಂಬಿ ಸುರುಟಿದಳು. ಮತ್ತೆಂದೂ ನನ್ನ ಗೈಡ್ ಮುಟ್ಟಲಿಲ್ಲ.

ನಿನ್ನೆ ಬಸ್ಸಿಳಿದು ಹೋದದ್ದು ಅವಳ ಮನೆಗೇ. ಮೊಮ್ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಅವಳ ಹತ್ತಿರ ಬಂದಳು.

"ಟೀಚರಜ್ಜಿಯ ಹತ್ತಿರ ಕೇಳು. ನನಗೆ ಎಂತ ಗೊತ್ತುಂಟು?" ಎಂದು ಅಕ್ಕ ನನ್ನ ಕಡೆ ತೋರಿಸಿದಳು.

ಗೊತ್ತುಂಟು ಅಕ್ಕ, ನಿನಗೆ ಗೊತ್ತುಂಟು ಎನ್ನಲು ಇಷ್ಟು ವರ್ಷದ ಮೇಲೂ ನನಗೆ ಬಾಯಿ ಬರಲಿಲ್ಲ. ಪುಸ್ತಕ ತೆಗೆದುಕೊಂಡೆ.