ಬೈಸಿಕೊಳ್ಳಲು ಬಂದವರು

ಗೇಟಿನ ಹೊರಗೆ ಕಾರು ನಿಂತ ಸದ್ದಾಯಿತು. ಅಕ್ಕಿರೊಟ್ಟಿ ತಟ್ಟುತ್ತಿದ್ದ ಸುಲೋಚನಮ್ಮ ಕೈ ನಿಲ್ಲಿಸಿ, ಹಲ್ಲು ಕಚ್ಚಿ, ಮತ್ತೆ ತಟ್ಟತೊಡಗಿದಳು. ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಗಂಡ ಸಿದ್ದಬಸಪ್ಪನಿಗೆ ಮಾತ್ರ ಬೀಗರು ಬಂದಷ್ಟು ಖುಷಿ.

"ಲೇ, ಬಂದ್ರು ಕಣೆ ಬೈಸ್ಕೊಳ್ಳೋರು! ಅಮ್ಮತ್ತಿ ಕಡೆಯೋರು ಅನ್ನಿಸ್ತದೆ. ಕಾಫಿಗೆ ಇಡು" ಎಂದು ಕೂಗಿದ.

ನವೆಂಬರ್ ಬಂತೆಂದರೆ ಇದೇ ಗೋಳು. ಶನಿವಾರಸಂತೆ ರಸ್ತೆಯ ಪಕ್ಕದ ಈ ಮನೆಗೆ ಕೊಡಗಿನ ಮೂಲೆಮೂಲೆಯಿಂದ ಬೆಳೆಗಾರರು ಬರುತ್ತಾರೆ. ತಟ್ಟೆಯಲ್ಲಿ ಬಾಳೆಹಣ್ಣು, ಎಲೆ ಅಡಿಕೆ ಇಟ್ಟು, ಕೈಕಟ್ಟಿ ನಿಂತು, "ಅಜ್ಜಿ, ನಾಳೆಯಿಂದ ಕಾಫಿ ಪಿಕಿಂಗ್. ಒಂದ್ಸಲ ಬೈದುಬಿಡಿ" ಎನ್ನುತ್ತಾರೆ. ಅಜ್ಜಿ ಬೈದರೆ ಕಾಫಿ ಕಣದಲ್ಲಿ ಒಣಗುವಾಗ ಮಳೆ ಬರುವುದಿಲ್ಲವಂತೆ. ಒಂದು ವರ್ಷ ಯಾರೋ ರೇಡಿಯೊಗೆ ಫೋನ್ ಮಾಡಿ ಬೈಸಿಕೊಂಡರಂತೆ, ಆ ವರ್ಷ ಸುತ್ತಲೂ ಮಳೆ ಹೊಡೆದು ಅವರ ಕಣ ಮಾತ್ರ ಒಣಗಿತ್ತಂತೆ. ಆ ಪುಣ್ಯಾತ್ಮ ಯಾರೆಂದು ಗೊತ್ತಾದರೆ ಸುಲೋಚನಮ್ಮ ಬೈಯುವುದಿಲ್ಲ, ಒನಕೆಯಲ್ಲೇ ಬಾರಿಸುತ್ತಾಳೆ.

ಹಾಗೆ ಬರುವವರಿಗೆ ಬೇಕಾದದ್ದು ಸುಲೋಚನಮ್ಮ ಅಲ್ಲ, ದ್ಯಾವಜ್ಜಿ. ರೇಡಿಯೊದ ದ್ಯಾವಜ್ಜಿ.

ಮೂವತ್ತರ ಪ್ರಾಯದಲ್ಲಿ ಸುಲೋಚನಮ್ಮನನ್ನು ಮಡಿಕೇರಿ ರೇಡಿಯೊಗೆ ಕರೆದದ್ದು ಹಿತ್ತಲ ತರಕಾರಿಯ ಬಗ್ಗೆ ನಾಲ್ಕು ಮಾತಾಡಲಿಕ್ಕೆ. ಜೊತೆಗೆ ಹೋದ ಸಿದ್ದಬಸಪ್ಪ, ಅವಳನ್ನು ಕೇಳಿದ ಪ್ರಶ್ನೆಗೆಲ್ಲ ತಾನೇ ಉತ್ತರ ಕೊಡತೊಡಗಿದ. ಬದನೆ ಸಸಿಗೂ ಮೆಣಸಿನ ಸಸಿಗೂ ವ್ಯತ್ಯಾಸ ತಿಳಿಯದ ಮನುಷ್ಯ! ಸ್ವಲ್ಪ ಹೊತ್ತು ಸಹಿಸಿದಳು. ಗೊಬ್ಬರದ ಲೆಕ್ಕವನ್ನೂ ಅವನೇ ಹೇಳಲು ಹೊರಟಾಗ ಮೈಕು ಎದುರಿಗಿದೆ ಎನ್ನುವುದು ಮರೆತುಹೋಯಿತು. "ಅನ್ನಕ್ಕೆ ದಂಡ, ಭೂಮಿಗೆ ಭಾರ" ಎಂದು ಶುರು ಮಾಡಿದವಳು, ಹಿತ್ತಲ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲದ ಅವನ ಬಾಳನ್ನೆಲ್ಲ ಜಾಲಾಡಿ, ಕೊನೆಗೊಂದು "ಥೂ" ಸೇರಿಸಿ ನಿಲ್ಲಿಸಿದಳು. ಗಾಜಿನ ಆಚೆ ಕೂತಿದ್ದವರು ಟೇಪು ನಿಲ್ಲಿಸಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಹೀಗೆ ಅವಳ ದನಿಯಲ್ಲಿ ದ್ಯಾವಜ್ಜಿ ಎಂಬ ಪಾತ್ರ ಹುಟ್ಟಿತು. ಸಂಜೆಯ ರೈತರ ಕಾರ್ಯಕ್ರಮದಲ್ಲಿ ಸೋಮಾರಿ ಮೊಮ್ಮಗನನ್ನು ಬೈದು ಬೈದು ಗಿಡ ಕೊರೆಯುವ ಬೋರರ್ ಹುಳ, ಮೆಣಸಿನ ಬಳ್ಳಿ, ಸುಣ್ಣ ಹಾಕುವ ಕ್ರಮ ಎಲ್ಲವನ್ನೂ ಕಲಿಸುವ ಎಂಬತ್ತರ ಮುದುಕಿ. ತೋಟದ ಆಳುಗಳ ಲೈನ್ ಮನೆಗಳಲ್ಲಿ, ಕಣಗಳಲ್ಲಿ, ಟೀ ಅಂಗಡಿಗಳಲ್ಲಿ ಜನ ಕೆಲಸ ಬಿಟ್ಟು ಕೇಳಿದರು. ಮೂವತ್ತಕ್ಕೇ ಅವಳು ಜಿಲ್ಲೆಗೆಲ್ಲ ಅಜ್ಜಿಯಾದಳು. ತಲೆ ನೆರೆತ ಗಂಡಸರು ಬಸ್ಸಿನಲ್ಲಿ ಎದ್ದು "ಕೂತ್ಕೊಳ್ಳಿ ಅಜ್ಜಿ" ಎಂದಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ರೇಡಿಯೊದ ಕಾಲ ಮುಗಿಯಿತು ಎನ್ನುವಷ್ಟರಲ್ಲಿ ಬೆಂಗಳೂರಿನ ಕಂಪನಿಯೊಂದು ಕಾರ್ಟೂನಿನ ಕಾಗೆಗೆ ಅದೇ ದನಿ ಕೊಡಿಸಿತು. ಅಲ್ಲಿಗೆ ಮುಂದಿನ ಪೀಳಿಗೆಯೂ ಕೈಗೆ ಸಿಕ್ಕಂತಾಯಿತು. ಗಾಳಿಬೀಡಿನ ಮೇಷ್ಟ್ರೊಬ್ಬರ ಫೋನು ರಿಂಗಾದರೆ ದ್ಯಾವಜ್ಜಿ ಬೈಯುತ್ತಾಳೆ. ಸಂಪಾಜೆಯ ಹುಡುಗರು ಬೈಕಿನಲ್ಲಿ ಬಂದು "ಕಾಗೆ ಆಂಟಿ, ಒಂದೇ ಒಂದು ಕಾ ಅನ್ನಿ" ಎಂದು ಗೇಟು ಹಿಡಿದು ನಿಲ್ಲುತ್ತಾರೆ. ಅವಳು ಉಸಿರು ತೆಗೆದುಕೊಳ್ಳುವುದು ಎಲ್ಲಿ, "ಥೂ" ಎಳೆಯುವುದು ಎಷ್ಟು ಎಂದು ರೇಡಿಯೊ ಕೇಳಿದವರಿಗೂ ಕಾರ್ಟೂನು ನೋಡಿದವರಿಗೂ ಚರ್ಚೆ ಬೇರೆ. ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಗೂ ಒಂದು ಮಿತಿ ಬೇಡವೇ?

ಇಷ್ಟಾದರೂ ಸಹಿಸಬಹುದಿತ್ತು. ಅವಳ ನಿಜವಾದ ಕಷ್ಟ ಬೇರೆ. ದ್ಯಾವಜ್ಜಿಯ ಕೋಪಕ್ಕೂ ಸುಲೋಚನಮ್ಮನ ಕೋಪಕ್ಕೂ ದನಿ ಒಂದೇ. ಅವಳಿಗೆ ಇದ್ದದ್ದು ಒಂದೇ ಕೋಪ, ಅದನ್ನೂ ಊರಿಗೆ ಕೊಟ್ಟಾಗಿತ್ತು. ರೇಷನ್ ಅಂಗಡಿಯವನು ತೂಕದಲ್ಲಿ ಮೋಸ ಮಾಡಿದನೆಂದು ಬೈದರೆ, ಅವನು ಒಳಗಿನಿಂದ ಹೆಂಡತಿ ಮಕ್ಕಳನ್ನು ಕರೆದು "ಬನ್ರೋ, ಲೈವ್ ಬರ್ತಾ ಇದೆ" ಎಂದ. ಅಕ್ಕಿ ಮಾತ್ರ ಅಷ್ಟೇ ಉಳಿಯಿತು. ಸಿದ್ದಬಸಪ್ಪನಂತೂ ಬೈದರೆ ತಲೆದೂಗುತ್ತಾನೆ.

ಬಾವಿಯ ವಿಷಯದಲ್ಲಿ ಆದದ್ದೂ ಇದೇ.

ಮನೆಯ ಹಿಂದೆ ಒಂದು ಹಳ್ಳ. ಹಳ್ಳದ ಪಕ್ಕ ಬಾವಿ. ಆ ಬಾವಿಯ ನೀರು ಅವಳಿಗೂ, ಆಚೆ ಮನೆಯ ಸುಧಾಳಿಗೂ. ಮೇಲೆ ಗುಡ್ಡದಲ್ಲಿ ನಿರಂಜನನ ಎಸ್ಟೇಟು. ಅವನು ಹೊಸದಾಗಿ ಪಲ್ಪರ್ ಹಾಕಿಸಿದ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಮಿಷನ್ನಿನಿಂದ ಬರುವ ಕೊಳಕು ನೀರನ್ನು ಗುಂಡಿ ತೋಡಿಸಿ, ಸುಣ್ಣ ಹಾಕಿ ಇಂಗಿಸಬೇಕು. ಅವನು ಸೀದಾ ಹಳ್ಳಕ್ಕೆ ಬಿಟ್ಟ. ಹೋದ ವರ್ಷ ಪಿಕಿಂಗ್ ಮುಗಿಯುವ ತನಕ ಬಾವಿ ನೀರು ಕಪ್ಪಗೆ, ಕೊಳೆತ ವಾಸನೆ. ಸುಧಾ ಮಗುವನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆಯ ನಲ್ಲಿಯಿಂದ ಬಿಂದಿಗೆ ಹೊತ್ತಳು. ಮಗುವಿನ ಮೈಯೆಲ್ಲ ತುರಿಕೆ.

ಸುಲೋಚನಮ್ಮ ಗುಡ್ಡ ಹತ್ತಿದಳು. ಮರ್ಯಾದೆಯಾಗಿ ಹೇಳಬೇಕೆಂದೇ ಹೋಗಿದ್ದಳು. ಪೈಪಿನಿಂದ ಕಪ್ಪು ನೀರು ಧೋ ಎಂದು ಬೀಳುವುದನ್ನು ಕಂಡದ್ದೇ ಬಾಯಿ ತಡೆಯಲಿಲ್ಲ.

"ಏನ್ಲಾ ನಿರಂಜನ, ಮೇಲೆ ಕೂತೋನು ಕೆಳಗಿನೋರ ಬಾಯಿಗೆ ಕೊಳಕು ನೀರು ಬಿಡ್ತೀಯೇನ್ಲಾ? ಸುಧಾ ಮಗು ಕುಡಿಯೋ ಬಾವಿ ಕಣ್ಲಾ ಅದು! ಒಂದು ಗುಂಡಿ ತೋಡಿಸೋ ಯೋಗ್ಯತೆ ಇಲ್ದೋನಿಗೆ ಪಲ್ಪರ್ ಯಾಕ್ಲಾ ದಂಡಪಿಂಡ? ಥೂ!"

ನಿರಂಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಚಿಕ್ಕವನಿದ್ದಾಗ ಅಪ್ಪನ ಕಣದಲ್ಲಿ ಕೂತು ದ್ಯಾವಜ್ಜಿಯನ್ನು ಕೇಳಿದವನು ಅವನು. "ಅಜ್ಜಿ, ಮನೆ ಬಾಗಿಲಿಗೇ ಬಂದು ಬೈದ್ರಲ್ಲ, ನನ್ ಜನ್ಮ ಸಾರ್ಥಕ" ಎಂದು ಕೈಮುಗಿದ. ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡಿದ್ದ. ಸಂಜೆಗೆ ಅದು ಊರೆಲ್ಲ ಹರಡಿತು. ಮರುದಿನ ಅವಳ ಮನೆಗೆ ಒಂದು ಚೀಲ ಕರಿಮೆಣಸು ಕಳಿಸಿದ. ಪೈಪು ಹಾಗೇ ಇತ್ತು.

ಗ್ರಾಮಸಭೆಗೂ ಹೋದಳು. ಅಲ್ಲೂ ಎದ್ದು ನಿಂತು ಬಾವಿಯ ಕತೆ ಹೇಳುತ್ತಾ ಹೇಳುತ್ತಾ ಕೋಪ ನೆತ್ತಿಗೇರಿತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಯಾರಿಗೋ ತಂದಿಟ್ಟಿದ್ದ ಶಾಲನ್ನು ಅವಳಿಗೆ ಹೊದಿಸಿ ಫೋಟೊ ತೆಗೆದರು. ಶಾಲು ಹೊದ್ದು ಮನೆಗೆ ಬಂದ ಸುಲೋಚನಮ್ಮ ಅದನ್ನು ಹಾಸಿಗೆಯ ಮೇಲೆ ಎಸೆದು ಅತ್ತುಬಿಟ್ಟಳು.

"ನೀವು ಬೈಯೋದು ಚಂದ ಆಗೋಯ್ತಮ್ಮ, ಅದೇ ತೊಂದ್ರೆ" ಎಂದಳು ಸುಧಾ. ಅವಳ ತಲೆಯ ಮೇಲೆ ಆಗಲೂ ಬಿಂದಿಗೆಯಿತ್ತು.

ಈ ವರ್ಷದ ನವೆಂಬರಿನಲ್ಲಿ, ಅಮ್ಮತ್ತಿಯವರು ಬೈಸಿಕೊಂಡು ಹೋದ ಮಾರನೆಯ ಬೆಳಿಗ್ಗೆ, ನಿರಂಜನ ಬಂದ. ಹೊಸ ಅಂಗಿ. ತಟ್ಟೆಯಲ್ಲಿ ಬಾಳೆಹಣ್ಣಿನ ಇಡೀ ಚಿಪ್ಪು. ಸಿದ್ದಬಸಪ್ಪ ಕುರ್ಚಿ ಒರೆಸಿ ಹಾಕಿದ. ನಿರಂಜನ ಕೂರದೆ ಅಂಗಳದಲ್ಲೇ ನಿಂತು ಫೋನು ಎತ್ತಿ ಹಿಡಿದ.

"ಶುರು ಮಾಡಿ ಅಜ್ಜಿ. ಹೋದ ವರ್ಷದ ಥರನೇ ಜೋರಾಗಿ ಇರ್ಲಿ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಒಂದು ವರ್ಷದಿಂದ ಬೇಯುತ್ತಿದ್ದ ಬೈಗುಳ. ಅಷ್ಟರಲ್ಲಿ ಅವನ ಮುಖ ಕಂಡಿತು. ಐಸ್‌ಕ್ಯಾಂಡಿ ಗಾಡಿಯ ಎದುರು ನಿಂತ ಮಗುವಿನ ಮುಖ! ಇವನಿಗೆ ಬೈದರೆ ಉಡುಗೊರೆ ಕೊಟ್ಟಂತೆಯೇ ಹೊರತು ಶಿಕ್ಷೆ ಕೊಟ್ಟಂತಲ್ಲ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಬಾಯಿಗೆ ಬಂದದ್ದನ್ನು ಕಷಾಯ ನುಂಗುವಂತೆ ನುಂಗಿದಳು.

"ಬನ್ನಿ ಸಾರ್, ಕೂತ್ಕೊಳ್ಳಿ. ಮನೇಲೆಲ್ಲ ಚೆನ್ನಾಗಿದಾರಾ? ಕಾಫಿ ತಗೊಳ್ತೀರಾ?"

ನಿರಂಜನ ನಕ್ಕ. ಇದೂ ಆಟದ ಭಾಗವೆಂದು ಕಾದ. ಕಾಫಿ ಬಂತು. ಕುಡಿದ. ಮತ್ತೆ ಕಾದ. "ಅಜ್ಜಿ, ಅದು... ಬೈಯೋದು?"

"ನಿಮ್ಮಂಥೋರಿಗೆ ಬೈಯೋದುಂಟಾ ಸಾರ್. ಹೋಗ್ಬನ್ನಿ."

ಅವನ ಮುಖ ಬಿಳಿಚಿತು. ಗೇಟಿನ ತನಕ ಹೋಗಿ ತಿರುಗಿ ನೋಡಿದ. ಅವಳು ಕೈಮುಗಿದಳು.

ಸುದ್ದಿ ಅವನಿಗಿಂತ ಮೊದಲೇ ಗುಡ್ಡ ಹತ್ತಿತು. ದ್ಯಾವಜ್ಜಿ ಎಲ್ಲರನ್ನೂ ಬೈದು ನಿರಂಜನನನ್ನು ಮಾತ್ರ ಬೈಯಲಿಲ್ಲವಂತೆ, "ಸಾರ್" ಅಂದಳಂತೆ! ಆಳು ಕರೆತರುವ ಮೇಸ್ತ್ರಿ ಮಲ್ಲ ತಲೆ ಕೆರೆದುಕೊಂಡ. "ಮೊದ್ಲು ಬೈಸ್ಕೊಂಡ್ ಬನ್ನಿ ಸಾರ್. ನಮ್ ಆಳುಗಳು ಬೈಸ್ಕೊಳ್ದಿರೋ ತೋಟಕ್ಕೆ ಬರಲ್ಲ ಅಂತಾವ್ರೆ. ಇವತ್ತು ಪಕ್ಕದ ತೋಟಕ್ಕೆ ಕರ್ಕೊಂಡ್ ಹೋಗ್ತೀನಿ."

ಗಿಡದಲ್ಲಿ ಹಣ್ಣು ಕೆಂಪಾಗಿ ಉದುರತೊಡಗಿತು. ಆಕಾಶದ ಮೂಲೆಯಲ್ಲಿ ಅಂಗೈಯಷ್ಟು ಮೋಡ ಕಂಡರೂ ನಿರಂಜನ ಅಂಗಳಕ್ಕೆ ಓಡಿ ಕತ್ತೆತ್ತಿ ನೋಡುತ್ತಿದ್ದ. ದಿನ ಬಿಟ್ಟು ದಿನ ಬಂದ. ದಿನ ಬಿಟ್ಟು ದಿನ ಸುಲೋಚನಮ್ಮ ಕಾಫಿ ಕೊಟ್ಟಳು, ಕ್ಷೇಮ ವಿಚಾರಿಸಿದಳು, ಸಾರ್ ಎಂದಳು. ಅವನು ಹೋದ ಮೇಲೆ ಹಿತ್ತಲಿಗೆ ಹೋಗಿ ಬಾಳೆಗಿಡಕ್ಕೆ ಬೈಯುತ್ತಿದ್ದಳು, ಇಲ್ಲದಿದ್ದರೆ ಎದೆ ಒಡೆದು ಹೋಗುತ್ತಿತ್ತು.

ಸಿದ್ದಬಸಪ್ಪನಿಗೇ ತಡೆಯದಾಯಿತು. "ಪಾಪ ಕಣೆ, ಎರಡು ಮಾತು ಬೈದ್ರೆ ನಿನ್ ಗಂಟೇನು ಹೋಗ್ತದೆ?"

"ರೀ, ನೀವು ಸುಮ್ಮನಿರ್ತೀರಾ, ಇಲ್ಲ ನಾಳೆಯಿಂದ ನಿಮ್ಮನ್ನೂ ಸಾರ್ ಅನ್ಲಾ?"

ಸಿದ್ದಬಸಪ್ಪ ಪೇಪರಿನ ಹಿಂದೆ ಸೇರಿಕೊಂಡ.

ಕೊನೆಗೊಂದು ದಿನ ನಿರಂಜನ ಬರಿಗೈಯಲ್ಲಿ ಬಂದು ಜಗಲಿಯ ಮೆಟ್ಟಿಲ ಮೇಲೆ ಕುಸಿದ. "ನಾನೇನು ತಪ್ಪು ಮಾಡ್ದೆ ಅಂತಾದ್ರೂ ಹೇಳಿ ಅಜ್ಜಿ."

"ಹೋದ ವರ್ಷವೇ ಹೇಳಿದ್ದೀನಲ್ಲ ಸಾರ್."

"ಯಾವಾಗ? ಒಂದು ಮಾತು ಹೇಳಿದ್ರೆ ನಾನು ಕೇಳ್ತಿರ್ಲಿಲ್ವಾ?"

ಸುಲೋಚನಮ್ಮನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. "ನಿಮ್ ಫೋನಲ್ಲೇ ಇದೆ. ಹಾಕಿ ನೋಡಿ" ಎಂದಳು, ಬಹಳ ಮೆಲ್ಲಗೆ.

ಅವನು ಹಾಕಿದ. ಏನ್ಲಾ ನಿರಂಜನ ಎಂದು ಶುರುವಾಗುತ್ತಲೇ ಅಭ್ಯಾಸಬಲದಿಂದ ಮುಖದಲ್ಲಿ ನಗು ಬಂತು. ಕೊನೆಯ "ಥೂ"ಗೆ ತುಟಿ ಕೂಡ ಆಡಿಸಿದ. ಅವನಿಗೆ ಅದು ಬಾಯಿಪಾಠವಾಗಿತ್ತು. ಸುಲೋಚನಮ್ಮ ನಗದೆ ನೋಡುತ್ತಲೇ ಇದ್ದಳು.

"ಇನ್ನೊಂದ್ಸಲ ಹಾಕಿ ಸಾರ್."

ಎರಡನೆಯ ಸಲ ನಗು ಅರ್ಧಕ್ಕೇ ನಿಂತಿತು. ಸುಧಾ ಮಗು ಕುಡಿಯೋ ಬಾವಿ ಕಣ್ಲಾ ಅದು. ನಿರಂಜನ ಫೋನು ಕೆಳಗಿಟ್ಟು, ಎದ್ದು ಹಿತ್ತಲಿಗೆ ನಡೆದು, ಬಾವಿಯೊಳಗೆ ಬಗ್ಗಿ ನೋಡಿದ. ಆಚೆ ಮನೆಯ ಅಂಗಳದಲ್ಲಿ ಸುಧಾಳ ಮಗು, ಹೋದ ವರ್ಷದ ತುರಿಕೆ ಇನ್ನೂ ಬಿಡದೆ, ಕಾಲು ಕೆರೆದುಕೊಳ್ಳುತ್ತಿತ್ತು.

"ಇದನ್ನ ನೂರು ಸಲ ನೋಡಿದೀನಿ. ಗೆಳೆಯರಿಗೆಲ್ಲ ಕಳಿಸಿದೀನಿ" ಎಂದ.

ಮಾರನೆಯ ದಿನವೇ ಗುಡ್ಡದ ಮೇಲೆ ಜೆಸಿಬಿ ಸದ್ದಾಯಿತು. ಗುಂಡಿ ತೋಡಿಸಿದ, ಸುಣ್ಣದ ಮೂಟೆ ಇಳಿಸಿದ, ಹಳ್ಳಕ್ಕೆ ಬಿಟ್ಟಿದ್ದ ಪೈಪು ಕಿತ್ತು ಗುಂಡಿಗೆ ತಿರುಗಿಸಿದ. ಸುಲೋಚನಮ್ಮ ಸುಧಾಳನ್ನು ಕರೆದುಕೊಂಡು ಹೋಗಿ ಕಣ್ಣಾರೆ ನೋಡಿ ಬಂದಳು. ಹಾಗೆ ನೋಡಿ ಬಂದ ಮರುದಿನ ನಿರಂಜನ ಮತ್ತೆ ಬಾಳೆಹಣ್ಣಿನ ಚಿಪ್ಪು ಹಿಡಿದು ಅಂಗಳದಲ್ಲಿ ನಿಂತ. ಹಿಂದೆ ಮಲ್ಲ, ಅವನ ಹಿಂದೆ ಅರ್ಧ ಡಜನ್ ಆಳುಗಳು. ಈ ಸಲ ಫೋನು ಜೇಬಿನಲ್ಲೇ ಇತ್ತು.

ಬೈಯುತ್ತೇನೆಂದು ಮಾತು ಕೊಟ್ಟಿರಲಿಲ್ಲ, ಆದರೂ ಅವನಿಗೆ ಸಲ್ಲಬೇಕಾದ ಬೈಗುಳ ಅದು. ಸುಲೋಚನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದು ವರ್ಷದ್ದೂ, ಈ ದಿನಗಳದ್ದೂ, ಶಾಲಿನದ್ದೂ ಸೇರಿ ಕೋಪವೆಲ್ಲ ಹೊರಗೆ ಬಂತು. ನಿರಂಜನ ಕಣ್ಣು ಮುಚ್ಚಿ ಮಳೆಗೆ ಮುಖವೊಡ್ಡಿದವನ ಹಾಗೆ ನಿಂತ. ಆಳುಗಳು ಒಬ್ಬರನ್ನೊಬ್ಬರು ತಿವಿದು ನಕ್ಕರು. ಸಿದ್ದಬಸಪ್ಪ ತಲೆದೂಗಿದ.

"...ಒಂದು ಗುಂಡಿ ತೋಡಿಸಿ ಎದೆ ಉಬ್ಬಿಸ್ಕೊಂಡ್ ನಿಂತವ್ನೆ ನೋಡು ಮುಠ್ಠಾಳ! ಈ ವರ್ಷದ ಫಸಲಿಗೆ ಒಂದು ಗುಂಡಿ ಯಾವ ಮೂಲೆಗ್ಲಾ? ತುಂಬಿ ಹರಿದು ಮತ್ತೆ ನಮ್ ಬಾವಿಗೇ ಬರ್ತದೆ. ಇನ್ನೊಂದು ತೋಡಿಸ್ಲಾ, ಥೂ!"

"ಆಹಾ!" ಎಂದ ನಿರಂಜನ, ಕಣ್ಣೊರೆಸಿಕೊಳ್ಳುತ್ತಾ. "ಆ ಥೂ ಇದ್ಯಲ್ಲ ಅಜ್ಜಿ, ಅದೊಂದು ಸಾಕು. ಇನ್ನೊಂದ್ಸಲ ಅನ್ನಿ!"

ಸುಲೋಚನಮ್ಮ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಸೆರಗು ಬಿಚ್ಚಿ ಹೆಗಲಿಗೆ ಹೊದ್ದಳು. ಎರಡೂ ಕೈ ಜೋಡಿಸಿದಳು.

"ಹೋಗ್ಬನ್ನಿ ಸಾರ್."

ಅಂಗಳದಲ್ಲಿ ನಗು ನಿಂತಿತು.

"ಅಜ್ಜಿ, ಅಜ್ಜಿ, ಒಂದ್ನಿಮಿಷ" ಎಂದ ನಿರಂಜನ ಗಾಬರಿಯಿಂದ. "ಈಗ ಏನಂದ್ರಿ? ಇನ್ನೊಂದು ಗುಂಡಿ ಅಂದ್ರಲ್ವಾ? ಎಲ್ಲಿ ತೋಡಿಸ್ಬೇಕು, ಬಂದು ತೋರಿಸ್ತೀರಾ?"