ಇಂಗಿನ ವಾಸನೆಯ ಟರ್ಮಿನಲ್

ವಡೋದರಾದ ಮಕರಪುರದ ಆ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗ ನನ್ನದಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ಏನನ್ನೂ ತಿನ್ನಬಾರದು. ಇಂದು ಬಂದ ಫಲಿತಾಂಶವನ್ನು ಮರುದಿನ ಹೊಸ ಮಾದರಿಗಳ ಮೇಲೆ ಮತ್ತೊಮ್ಮೆ ನೋಡದೆ ಸಹಿ ಹಾಕಬಾರದು. ಗಂಟೆ ಹೊಡೆದ ಕೂಡಲೇ ಎದ್ದು ಹಾಸಿಗೆ ಸುತ್ತಿಡಬೇಕಿದ್ದ ವಿದ್ಯಾರ್ಥಿನಿಲಯದಲ್ಲಿ ಬೆಳೆದವಳು ನಾನು. ನಿಯಮ ನನಗೆ ಎಂದೂ ಭಾರವೆನಿಸಲಿಲ್ಲ.

ನಾವು ಮಾಡುತ್ತಿದ್ದುದು ವಿದ್ಯುತ್ ಕನೆಕ್ಟರ್‌ಗಳನ್ನು. ತಂತಿಯ ತುದಿಗೆ ಕಚ್ಚಿಸುವ ಪುಟ್ಟ ಲೋಹದ ತುಂಡಿಗೆ ಟರ್ಮಿನಲ್ ಎನ್ನುತ್ತೇವೆ. ಒಂದು ಗಂಡು, ಒಂದು ಹೆಣ್ಣು. ಹೆಣ್ಣಿನೊಳಗೆ ಸ್ಪ್ರಿಂಗಿನಂತಹ ಒಂದು ನಾಲಿಗೆ, ನಾಲಿಗೆಯ ಮೇಲೆ ರಾಗಿಕಾಳಿನಷ್ಟು ಉಬ್ಬು. ಗಂಡು ಒಳಗೆ ಹೋದಾಗ ಆ ಉಬ್ಬು ಅದನ್ನು ಒತ್ತಿ ಹಿಡಿಯುತ್ತದೆ. ಹಿಡಿತ ಬಿಗಿಯಾಗಿದ್ದರೆ ಯಂತ್ರ ಎಷ್ಟು ಅದುರಿದರೂ ಕರೆಂಟು ತಪ್ಪುವುದಿಲ್ಲ. ತೀರಾ ಬಿಗಿಯಾದರೆ ಕೂಡಿಸುವವರ ಹೆಬ್ಬೆರಳು ಬಾತುಕೊಳ್ಳುತ್ತದೆ, ಗಂಡು ಬಾಗುತ್ತದೆ. ಟರ್ಮಿನಲ್ ಚಿಕ್ಕದಾದಷ್ಟೂ ನಾಲಿಗೆ ಗಿಡ್ಡವಾಗುತ್ತದೆ. ಗಿಡ್ಡ ನಾಲಿಗೆ ಬಲು ಹಟಮಾರಿ.

ಈ ಶತಮಾನದ ಮೊದಲ ವರ್ಷಗಳ ಮಾತು. ಸೂರತ್ತಿನ ಉಧ್ನಾದಲ್ಲಿ ಮಗ್ಗದ ಯಂತ್ರ ತಯಾರಿಸುವವರೊಬ್ಬರು, ನೂಲು ಹರಿದ ಕೂಡಲೇ ಮಗ್ಗ ನಿಲ್ಲಿಸುವ ಸಾಧನಕ್ಕೆಂದು ಬಹಳ ಚಿಕ್ಕ ಕನೆಕ್ಟರ್ ಕೇಳಿದ್ದರು. ನಮ್ಮ ಮಾಲೀಕರಾದ ಶೇಠರು ಆ ಕೆಲಸವನ್ನು ಹೊಸದಾಗಿ ಸೇರಿದ್ದ ವಿನ್ಯಾಸಕಿಗೆ ಕೊಟ್ಟರು. ಧಾರವಾಡದ ಕಡೆಯ ಹುಡುಗಿ. ಇನ್ನಿಬ್ಬರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಅವಳ ತರಗತಿಯವರೆಲ್ಲ ಕಂಪ್ಯೂಟರ್ ಹಿಂದೆ ಹೋದಾಗ ಇವಳೊಬ್ಬಳು ಲೋಹದ ಹಿಂದೆ ಬಂದಿದ್ದಳು. ಇಂಥ ಕೆಲಸ ಹುಡುಗಿಯರಿಗೆ ಕೊಡುವವರು ಕಡಿಮೆ. ಇದು ಹೋದರೆ ಇನ್ನೊಂದು ಸಿಗುತ್ತದೆಂಬ ನಂಬಿಕೆ ಅವಳಿಗಿರಲಿಲ್ಲ. ಅವಳನ್ನು ಕಾಯಂ ಮಾಡಿರಲಿಲ್ಲ. ಶೇಠರ ಷರತ್ತು ಸ್ಪಷ್ಟವಾಗಿತ್ತು: ದೀಪಾವಳಿಯ ಹೊತ್ತಿಗೆ ನಮ್ಮದೇ ಟರ್ಮಿನಲ್ ತಯಾರಾಗಬೇಕು. ಇಲ್ಲವಾದರೆ ಹೊರಗಿನವರಿಂದ ತರಿಸಿ ಕೂಡಿಸುತ್ತೇವೆ, ಆಗ ವಿನ್ಯಾಸಕಿ ಬೇಕಿಲ್ಲ.

ಅವಳು ನಾಲಿಗೆಯನ್ನು ದಪ್ಪ ಮಾಡಿದಳು, ಗಂಡನ್ನು ಒಳಗೆ ತಳ್ಳಲು ಸಿಕ್ಕಾಪಟ್ಟೆ ಬಲ ಬೇಕಾಯಿತು. ತೆಳುವಾಗಿಸಿದಳು, ಅದುರುವ ಮೇಜಿನ ಮೇಲಿಟ್ಟ ಸ್ವಲ್ಪ ಹೊತ್ತಿಗೇ ಸಂಪರ್ಕ ತಪ್ಪತೊಡಗಿತು.

“ಇದು ನಮ್ಮ ಸೋದರಮಾವ ಇದ್ದಂಗ ಐತ್ರಿ ಮೇಡಂ,” ಎಂದಳು ಒಂದು ದಿನ. “ಕರದ್ರ ಒಳಗ ಬರಂಗಿಲ್ಲ, ಬಂದ್ರ ನಿಂದ್ರಂಗಿಲ್ಲ.”

“ಸೋದರಮಾವನನ್ನ ಆಮೇಲೆ ಬೈಯಿ. ಮೊದಲು ಮೇಜು ಒರೆಸು,” ಎಂದೆ.

ನನ್ನ ಯಜಮಾನರು ಬ್ಯಾಂಕಿನಲ್ಲಿದ್ದರು. ವಡೋದರಾದಲ್ಲಿ ನಾವು ನೆಲೆ ನಿಂತ ಮೇಲೆ ಅವರನ್ನು ಸೂರತ್ತಿಗೆ, ವರಾಛಾದ ಶಾಖೆಗೆ ವರ್ಗ ಮಾಡಿದರು. ನಾನು ಇಲ್ಲೇ ಉಳಿದೆ. ಅವರು ಅಲ್ಲಿ ಒಂಟಿ ಕೋಣೆ ಹಿಡಿದು, ಶನಿವಾರ ಸಂಜೆಯ ರೈಲಿಗೆ ಬರುತ್ತಿದ್ದರು. ಮದುವೆಯಾದಾಗಿನಿಂದ ಹಾಲು ಉಕ್ಕಿದರೂ ನನ್ನನ್ನೇ ಕೂಗುತ್ತಿದ್ದ ಮನುಷ್ಯ, ಆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮುಂದೆ ಕೂತು ಅಡುಗೆ ಕಲಿತರು. ಅನ್ನ, ಸಾರು, ಆಮೇಲೆ ಉಪ್ಪಿಟ್ಟು. ತಮ್ಮ ಅಕ್ಕನಿಗೆ ಮೈಸೂರಿಗೆ ಫೋನು ಮಾಡಿ ಕೇಳಿ ಕೇಳಿ, ಕೊನೆಗೆ ಕರಿದ ತಿಂಡಿಗೂ ಕೈ ಹಾಕಿದರು. ಪ್ರತಿ ಶನಿವಾರ ಒಂದು ಡಬ್ಬಿ ಬರುತ್ತಿತ್ತು. ನಾನು ಮುಚ್ಚಳ ತೆಗೆಯುವಾಗ ಅವರು ನನ್ನ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದರು.

ಆ ದಸರೆಗೆ ಬಂದಾಗ ದೊಡ್ಡ ಡಬ್ಬಿಯ ತುಂಬ ಕೋಡುಬಳೆ ತಂದರು. “ಪೂಜೆಗೆ ಕಾರ್ಖಾನೆಗೆ ನಾನೂ ಬರ್ತೀನಿ ಕಣೆ. ಗುಜರಾತಿಯವರ ಫಾಫಡಾ ಜಲೇಬಿ ಇದ್ದೇ ಇರುತ್ತೆ, ನಮ್ಮದೂ ಒಂದಿರಲಿ.”

ಲೋಹ ಒತ್ತುವ ಪ್ರೆಸ್‌ಗಳಿಗೆ ಹೂವು ಏರಿಸಿ, ತೆಂಗಿನಕಾಯಿ ಒಡೆದ ಮೇಲೆ ಅಂಗಳದಲ್ಲಿ ಎಲ್ಲರಿಗೂ ತಿಂಡಿ. ಹುಡುಗಿ ಡಬ್ಬಿಯೊಳಗೆ ಇಣುಕಿ ನೋಡಿ ಕಿರುಚಿಯೇಬಿಟ್ಟಳು. ಬೆರಳಿಗೊಂದರಂತೆ ಕೋಡುಬಳೆ ಸಿಕ್ಕಿಸಿಕೊಂಡು ಎರಡೂ ಕೈ ಎತ್ತಿ ತೋರಿಸಿದಳು.

“ನೋಡ್ರಿ ಅಣ್ಣಾರ, ನನಗ ಬಳಿ ಇಡಿಸಿದ್ರಿ!”

“ಅಣ್ಣ ಅಂದ ಮೇಲೆ ಹಬ್ಬಕ್ಕೆ ಬಳೆ ಕೊಡದೆ ಆಗುತ್ತೇನಮ್ಮ? ಇನ್ನೂ ಇದೆ, ತಗೋ,” ಎಂದು ನಮ್ಮವರು ಅವಳ ಅಂಗೈಗೂ ಸುರಿದರು. ಅವರ ಅಡುಗೆಯನ್ನು ಹೊಗಳಲು ನನ್ನ ಹೊರತು ಇನ್ನೊಬ್ಬರು ಸಿಕ್ಕಿದ್ದು ಅದೇ ಮೊದಲು.

ಅಷ್ಟರಲ್ಲಿ ಶೇಠರು ಬಂದು ಮುಹೂರ್ತ ಚೆನ್ನಾಗಿದೆ, ಹೊಸ ಟರ್ಮಿನಲ್ ಇವತ್ತೇ ನೋಡಿಬಿಡಿ ಎಂದರು. ಹುಡುಗಿ ನನ್ನ ಬಾಗಿಲಾಚೆಯೇ ನಿಂತು ಉಳಿದ ಕೋಡುಬಳೆ ಮುಗಿಸಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡು ಒಳಗೆ ಬಂದಳು. ಗಂಡು ತುಂಡುಗಳನ್ನು ಒಂದೊಂದಾಗಿ ಬೆರಳ ನಡುವೆ ಎಳೆದು ಅಂಚು ನಯವಾಗಿದೆಯೇ ಎಂದು ನೋಡುವುದು ಅವಳ ಅಭ್ಯಾಸ. ಹಾಗೆ ನೋಡಿ ನೋಡಿ ಜೋಡಿಸಿಟ್ಟಳು. ದಪ್ಪ ನಾಲಿಗೆಯ ಮಾದರಿಗಳವು. ನಾನು ಅಳೆದೆ. ತಳ್ಳುವ ಬಲ ಮಿತಿಗಿಂತ ಎಷ್ಟೋ ಕೆಳಗೆ. ಅದುರುವ ಮೇಜಿನ ಮೇಲೂ ಒಂದೂ ತಪ್ಪಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು.

“ನಾಳೆ ಮತ್ತೆ ನೋಡಬೇಕು,” ಎಂದೆ. ಶೇಠರು ಆಗಲೇ ಉಧ್ನಾಕ್ಕೆ ಫೋನು ಹಚ್ಚಿದ್ದರು.

ಮರುದಿನ ಹೊಸ ಮಾದರಿಗಳನ್ನು ಚಿಮಟದಲ್ಲಿ ಎತ್ತಿ ನಾನೇ ಜೋಡಿಸಿದೆ. ಎಲ್ಲವೂ ಮೊದಲಿನಂತೆ ಬಿಗಿ. ಒಂದೂ ಮಿತಿಯೊಳಗೆ ಬರಲಿಲ್ಲ. ಅದೇ ಲೋಹದ ಪಟ್ಟಿ, ಅದೇ ಅಚ್ಚು, ಅದೇ ಪ್ರೆಸ್. ಹುಡುಗಿಯ ಮುಖ ಬಾಡಿತು. ನಾನು ದಸರೆಯ ದಿನದ ತುಂಡೊಂದನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಲೋಹದ ಮೇಲೆ ತೆಳ್ಳಗೆ ಏನೋ ಹೊಳೆಯುತ್ತಿತ್ತು. ನಡುವೆ ಒಂದು ಕೆಂಪು ಕಣ. ತುಂಡನ್ನು ಮೂಗಿಗೆ ಹಿಡಿದೆ.

ಇಂಗು!

ಅವಳ ಕೈಗೆ ಕೊಟ್ಟೆ. ಮೂಸಿದಳು. ನನ್ನ ಮುಖ ನೋಡಿದಳು. ಮತ್ತೆ ಮೂಸಿದಳು.

“ಅಯ್ಯ ಶಿವನ... ಕೋಡಬಳಿ ಎಣ್ಣೀರಿ ಮೇಡಂ!”

ನಗುವೋ ಅಳುವೋ ತಿಳಿಯದೆ ಸ್ಟೂಲಿನ ಮೇಲೆ ಕುಸಿದಳು. ಎಣ್ಣೆಗೆ ಗಂಡು ಜಾರಿಕೊಂಡು ಹೋಗಿತ್ತು, ಅಷ್ಟೇ. ಶೇಠರಿಗೆ ನಾನೇ ತಿಳಿಸುತ್ತೇನೆಂದು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. “ಬ್ಯಾಡ್ರಿ. ನನ್ನ ಕೈ, ನನ್ನ ಟರ್ಮಿನಲ್ಲು. ನಾನ ಹೇಳ್ತೀನಿ. ನೀವು ಬಾಜೂಕ ನಿಂದರ್ರಿ, ಸಾಕು.”

ಶೇಠರು ಹಿಂದಿಯಲ್ಲಿ ಶುರುಮಾಡಿ ಗುಜರಾತಿಯಲ್ಲಿ ಮುಗಿಸುವವರು. ನನ್ನನ್ನು ಬೆನ್, ಅಂದರೆ ಅಕ್ಕ, ಎನ್ನುತ್ತಿದ್ದರು. ಕೇಳಿ ಮುಗಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ಉಧ್ನಾದವರಿಗೆ ಒಂದೊಂದು ಕನೆಕ್ಟರ್ ಜೊತೆ ಒಂದೊಂದು ಡಬ್ಬಿ ನಿಮ್ಮ ನಾಷ್ತಾನೂ ಕಳಿಸೋಣವೇ, ಬೆನ್?” ಎಂದು ನನ್ನನ್ನು ಕೇಳಿದರು. ಅವರು ಹುಡುಗಿಯತ್ತ ತಿರುಗಿದರು. “ಎಣ್ಣೆಯಿಂದ ಕೆಲಸ ಆಗುತ್ತೆ ಅಂದ್ರೆ ಎಣ್ಣೆಯನ್ನೇ ಹಚ್ಚು.”

“ಮಗ್ಗದ ಹತ್ರ ಎಣ್ಣೆ ಹಚ್ಚಿದರೆ ನೂಲಿನ ಧೂಳೆಲ್ಲ ಬಂದು ಕೂತುಕೊಳ್ಳುತ್ತೆ, ಸರ್,” ಎಂದಳು ತಾನು ಹೊಸದಾಗಿ ಕಲಿತ ಹಿಂದಿಯಲ್ಲಿ. ದನಿ ಗಟ್ಟಿಯಾಗುತ್ತ ಹೋಯಿತು. “ಆದರೆ ಸರ್, ನಾನು ಇಷ್ಟು ದಿನ ನಾಲಿಗೆಯದೇ ತಪ್ಪು ಅಂದುಕೊಂಡಿದ್ದೆ. ನಿನ್ನೆ ನಾಲಿಗೆ ಅದೇ ಇತ್ತು, ಹಿಡಿತವೂ ಸರಿಯಾಗಿತ್ತು. ಬದಲಾಗಿದ್ದು ಜಾರಿಕೆ ಮಾತ್ರ. ಆ ಉಬ್ಬಿನ ಮೈ ತರಿತರಿಯಾಗಿದೆ. ಅದನ್ನು ಒತ್ತುವ ಅಚ್ಚಿನ ಗುಳಿ ಕನ್ನಡಿಯಂತೆ ಹೊಳೆದರೆ ಉಬ್ಬೂ ಹೊಳೆಯುತ್ತೆ. ಎಣ್ಣೆ ಬೇಕಾಗುವುದಿಲ್ಲ.”

ಶೇಠರು ಕನ್ನಡಕ ಹಾಕಿಕೊಂಡರು. ದೀಪಾವಳಿಗೆ ಮುಚ್ಚುವ ಕಾರ್ಖಾನೆ ಲಾಭಪಂಚಮಿಯಂದು ಪೂಜೆ ಮಾಡಿ ತೆರೆಯುತ್ತದೆ. ಅಂದು ಪ್ರೆಸ್ಸಿನ ಮೊದಲ ಏಟಿಗೆ ಸರಿಯಾದ ಟರ್ಮಿನಲ್ ಬೀಳಬೇಕು, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ ಎಂದರು. ಹೊರಗೆ ಬಂದ ಮೇಲೆ ಅವಳ ಕೈ ಹಿಡಿದುಕೊಂಡೇ ನಡೆದೆ.

ಅಚ್ಚು ತಯಾರಿಸುವ ಟೂಲ್ ರೂಮಿನವರು ಆ ಗುಳಿಯನ್ನು ತಮಗೆ ತಿಳಿದಂತೆ ತಿಕ್ಕಿಕೊಟ್ಟರು. ಬಲ ಸ್ವಲ್ಪ ಇಳಿಯಿತು, ಸಾಲಲಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು, ಎಲ್ಲರೂ ಊರಿಗೆ ಹೊರಟರು. ಹುಡುಗಿ ತನ್ನ ಟಿಕೆಟ್ ರದ್ದು ಮಾಡಿಸಿದಳು. ಶೇಠರ ಒಪ್ಪಿಗೆ ಪಡೆದು, ಅಚ್ಚಿನಿಂದ ಗುಳಿಯಿರುವ ಉಕ್ಕಿನ ತುಂಡನ್ನು ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು.

ಇಷ್ಟು ದಿನವೂ ನಮ್ಮವರು ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು. “ಆ ಮಗು ಕೆಲಸ ನನ್ನ ತಿಂಡಿಯಿಂದ ಹೋಗಲ್ಲ ತಾನೇ?” ನಾನು ಇಲ್ಲ ಎಂದರೂ ಅವರಿಗೆ ಸಮಾಧಾನವಿಲ್ಲ. ಹಬ್ಬಕ್ಕೆ ಬಂದವರು ಜೇಬಿನಿಂದ ಮಡಚಿದ ಬಿಳಿ ಕಾಗದದ ಪೊಟ್ಟಣವೊಂದನ್ನು ತೆಗೆದು, ಕುಂಕುಮ ಇಟ್ಟಂತೆ ಜೋಪಾನವಾಗಿ ಮೇಜಿನ ಮೇಲಿಟ್ಟರು. ಒಳಗೆ ಬೂದಿಯಂತಹ ಪುಡಿ.

“ವಜ್ರದ ಪುಡಿ. ನಮ್ಮ ಶಾಖೆಗೆ ಬರೋ ವಜ್ರದ ಕಾರ್ಖಾನೆಯೋರನ್ನ ಕೇಳ್ದೆ. ಅವರು ಕಲ್ಲಿಗೆ ಮೆರುಗು ಕೊಡೋದು ಇದರಲ್ಲೇ. ಎಣ್ಣೇಲಿ ಕಲಸಿ ತಿಕ್ಕಬೇಕಂತೆ.” ಆಮೇಲೆ ಮೆಲ್ಲಗೆ ಸೇರಿಸಿದರು. “ಅಡುಗೆ ಎಣ್ಣೆ ಅಲ್ಲ.”

ಹುಡುಗಿ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಕಲಸಿದೆವು. ಗುಳಿಗೆ ಬೆರಳು ಹೋಗದು, ಬಟ್ಟೆ ಹೋಗದು. ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಯ ತುದಿಯನ್ನು ಅವಳು ಬ್ಲೇಡಿನಿಂದ ದುಂಡಗೆ ಹೆರೆದು ತಿಕ್ಕತೊಡಗಿದಳು. ಬಿಸಿಲು ಬರುವ ಕಿಟಕಿಯ ಬಳಿ ಮೇಜು ಎಳೆದುಕೊಂಡು ಕೂತೆವು. ನಾನು ಹೊತ್ತು ಗೊತ್ತುಮಾಡಿದೆ: ತಿಂಡಿಯ ಮೇಲೆ ಅವಳು, ಊಟದ ತನಕ ನಾನು, ಮಧ್ಯಾಹ್ನ ಮತ್ತೆ ಅವಳು. ನಮ್ಮವರ ಕೆಲಸ ಭೂತಗನ್ನಡಿ ಹಿಡಿಯುವುದು, ಕಡ್ಡಿ ಒದಗಿಸುವುದು. ಕಡ್ಡಿ ಸಾಲದಾದಾಗ ದೇವರ ಮುಂದೆ ಎರಡೆರಡು ಊದುಬತ್ತಿ ಹಚ್ಚಿ, ಅವು ಉರಿದು ಮುಗಿಯುವುದನ್ನೇ ಕಾಯುತ್ತ ಕೂತರು. ಹೊರಗೆ ಮಕ್ಕಳು ಪಟಾಕಿ ಹೊಡೆಯುತ್ತಿದ್ದರು.

ಒಂದು ಮಧ್ಯಾಹ್ನ ಕಡ್ಡಿ ತಿರುಗಿಸುತ್ತಲೇ ಅವಳು ಕೇಳಿದಳು, “ಆಗಲಿಲ್ಲಂದ್ರ ಏನ್ ಮಾಡ್ಲಿ ಮೇಡಂ?”

ಆಗುತ್ತದೆ ಎನ್ನಲು ನನಗೆ ಬಾಯಿ ಬರಲಿಲ್ಲ. ಅಳೆಯದೆ ಹೇಳಿ ರೂಢಿಯಿಲ್ಲ. “ಆಗಲಿಲ್ಲ ಅಂದರೆ ಶೇಠರ ಹತ್ತಿರ ನೀನು ಮಾತಾಡಿದ್ದನ್ನ ನಾನು ಕೇಳಿದೀನಲ್ಲ,” ಎಂದೆ. “ಇನ್ನೊಂದು ಕಡೆ ಕೆಲಸ ಕೇಳುವಾಗ ನಾನೂ ಜೊತೆಗೆ ಬಂದು ಅದನ್ನ ಹೇಳ್ತೀನಿ. ಅಹಮದಾಬಾದ್ ಆದರೂ ಸರಿ.”

ಅವಳ ತಿಕ್ಕುವ ಕೈ ಹಗುರವಾದಂತೆ ಕಂಡಿತು. ಮರುದಿನ ಭೂತಗನ್ನಡಿಯಲ್ಲಿ ನೋಡಿದಾಗ ಗುಳಿಯೊಳಗೆ ನಮ್ಮ ಕಿಟಕಿಯೇ ಪುಟ್ಟದಾಗಿ ಕಾಣಿಸಿತು.

ಲಾಭಪಂಚಮಿಯ ದಿನ ಪೂಜೆ ಮುಗಿದು, ಆ ಉಕ್ಕಿನ ತುಂಡನ್ನು ಅಚ್ಚಿಗೆ ಮರಳಿ ಕೂಡಿಸಿದ ಮೇಲೆ, ನನ್ನ ಬಾಗಿಲಲ್ಲಿ ಸೋಪು ಮತ್ತು ನೀರಿನ ಬಕೆಟ್ ಇಟ್ಟುಕೊಂಡು ನಿಂತೆ. ಶೇಠರ ಕೈಯಲ್ಲಿ ಅರ್ಧ ಪೇಡೆ ಇತ್ತು.

“ನಾನು ಏನನ್ನೂ ಮುಟ್ಟುವುದಿಲ್ಲ, ಬೆನ್.”

“ಆದರೂ ತೊಳೆಯಿರಿ.”

ತೊಳೆದರು. ಪ್ರೆಸ್ಸಿನಿಂದ ಬಂದ ತುಂಡುಗಳನ್ನು ನಾನೇ ಚಿಮಟದಲ್ಲಿ ಹಿಡಿದೆ. ಹುಡುಗಿಯನ್ನು ಗೋಡೆಯ ಬಳಿ ನಿಲ್ಲಿಸಿದ್ದೆ. ದಸರೆಯ ದಿನದಷ್ಟು ಜಾರಲಿಲ್ಲ, ಆದರೆ ಎಲ್ಲವೂ ಮಿತಿಯೊಳಗೆ ಬಂದವು. ಅದುರುವ ಮೇಜಿನ ಮೇಲೂ ನಿಂತವು. ಶೇಠರು ಏನೋ ಹೇಳಲು ಬಾಯಿ ತೆರೆದು, ನನ್ನನ್ನು ನೋಡಿ, “ನಾಳೆ,” ಎಂದಷ್ಟೇ ಹೇಳಿ ಹೊರಟರು.

ಮರುದಿನವೂ ಅದೇ ಬಂತು. ನಾನು ಸಹಿ ಹಾಕಿದೆ. ಶೇಠರು ಆ ಹಾಳೆಯ ಮೇಲೆ ಕಣ್ಣಾಡಿಸಿ, ಹುಡುಗಿಯ ಮೇಜಿನ ಹತ್ತಿರ ಹೋದರು. “ದೀಕರಿ,” ಎಂದರು. ಮಗಳೇ ಎಂದು. ಅದುವರೆಗೆ ಅವಳನ್ನು ಹಾಗೆ ಕರೆದಿರಲಿಲ್ಲ. “ಉಧ್ನಾದವರಿಗೆ ಇನ್ನೊಂದು ಬೇಕಂತೆ, ಇದಕ್ಕಿಂತ ಚಿಕ್ಕದು. ಬರುವ ದಸರೆಯೊಳಗೆ ಆಗುತ್ತಾ?”

ಬರುವ ದಸರೆ! ಅವಳಿಗೆ ಅದರ ಅರ್ಥ ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ತಲೆಯಾಡಿಸಿದಳು. ಶೇಠರು ಹೋದ ಮೇಲೆ ನನ್ನ ಕೋಣೆಗೆ ಬಂದು, ಟರ್ಮಿನಲ್‌ಗಳ ತಟ್ಟೆಯ ಮುಂದೆ ನಿಂತು ಅಳತೊಡಗಿದಳು.

“ಕಣ್ಣೀರಲ್ಲಿ ಉಪ್ಪಿರುತ್ತೆ,” ಎಂದು ತಟ್ಟೆಯನ್ನು ಆಚೆ ಸರಿಸಿದೆ. “ಹೊರಗೆ ಹೋಗಿ ಅಳು. ಎಷ್ಟು ಬೇಕಾದರೂ ಅಳು.”

ಹೋದಳು. ನಾನು ತಟ್ಟೆಗೆ ಮುಚ್ಚಳ ಹಾಕಿದೆ. ನನ್ನ ಕನ್ನಡಕವನ್ನೂ ಒಮ್ಮೆ ಒರೆಸಿಕೊಳ್ಳಬೇಕಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಮುಖ ತೊಳೆದುಕೊಂಡು, ನೀರು ಸುರಿಯುತ್ತಿದ್ದಂತೆಯೇ ಬಾಗಿಲಲ್ಲಿ ಬಂದು ನಿಂತಳು.

“ಇನ್ನೂ ಚಿಕ್ಕದಂದ್ರ ಎಷ್ಟು ಚಿಕ್ಕದಂತ್ರಿ ಮೇಡಂ?”

ಮೊದಲು ಅವಳಿಗೊಂದು ಒಣ ಟವೆಲ್ ಕೊಟ್ಟೆ.